ಚೀನಾಕ್ಕೆ ರೀಲಿಂಗ್ ಮಷಿನ್ ನೋಡಲು ಹೊರಟಿದ್ದೀರಾ? ನಿಮ್ಮ ದುಭಾಷಿಯನ್ನು ನೀವೇ ಕರೆದುಕೊಂಡು ಹೋಗಿ

ಪ್ರಶ್ನೆ: ನಾವು ಶಿಡ್ಲಘಟ್ಟದವರು. ಅಣ್ಣ ತಮ್ಮ ಸೇರಿ ಮಲ್ಟಿಎಂಡ್ ಫಿಲೇಚರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಘಟಕ ನಡೆಸುತ್ತಿದ್ದೇವೆ. ಚೀನಾದಿಂದ ಆಟೊಮ್ಯಾಟಿಕ್ ರೀಲಿಂಗ್ ಮಷಿನ್ ತರಿಸುವ ಯೋಚನೆ ಇದೆ. ಹಾಂಗ್‌ಝೌ ಕಡೆಯ ಒಂದು ಕಂಪನಿ ಕೊಟೇಶನ್ ಕಳಿಸಿದೆ, ಬಂದು ನೋಡಿ ಎಂದು ಕರೆದಿದೆ. ಇಂಗ್ಲಿಷ್ ಬಲ್ಲ ಹುಡುಗಿ ನಮ್ಮಲ್ಲೇ ಇದ್ದಾಳೆ, ದುಭಾಷಿ ಯಾಕೆ ಎಂದು ಆ ಕಂಪನಿಯವರು ಕೇಳುತ್ತಾರೆ. ನಮಗೆ ಕನ್ನಡ, ತೆಲುಗು ಸರಾಗ. ಹಿಂದಿ ನಡೆಯುತ್ತದೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ನೆಂಟರ ಹುಡುಗನೊಬ್ಬ ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದಿದ್ದಾನೆ, ನಾನೇ ಬರುತ್ತೇನೆ ಎನ್ನುತ್ತಾನೆ. ಮೊಬೈಲ್ ಆ್ಯಪ್ ಸಾಕು ಅನ್ನುವವರೂ ಇದ್ದಾರೆ. ವೃತ್ತಿಪರ ದುಭಾಷಿ ನಿಜವಾಗಿ ಬೇಕಾ? ಬೇಕಾದರೆ ಎಲ್ಲಿ ಹುಡುಕುವುದು? ಒಳ್ಳೆಯವರು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಬೇಕು. ಇಷ್ಟು ದೊಡ್ಡ ಮೊತ್ತದ ಮಷಿನ್ ತರುವಾಗ ದುಭಾಷಿಯ ಖರ್ಚನ್ನು ಉಳಿಸಲು ಹೋಗಬೇಡಿ. ನಾನು ತುಮಕೂರಿನವನು. ಇಲ್ಲಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಿಗೆ ಹೊರದೇಶದ ಮಷಿನ್ ತರಿಸುವ ಮಾತುಕತೆಗಳಲ್ಲಿ ಕೂತು ಬಂದಿದ್ದೇನೆ. ನಮ್ಮ ಕಡೆಯ ಮಾಲೀಕರು ಮಷಿನ್ನಿನ ಬೆಲೆಯಲ್ಲಿ ಸಾವಿರ ಸಾವಿರ ಚೌಕಾಸಿ ಮಾಡುತ್ತಾರೆ, ಆದರೆ ಆ ಚೌಕಾಸಿಯ ಮಾತು ಎದುರಿನವರ ಕಿವಿಗೆ ಸರಿಯಾಗಿ ತಲುಪಿತಾ ಅಂತ ನೋಡುವವರು ಕಡಿಮೆ.

ಮೊದಲು ಕಂಪನಿಯ ಹುಡುಗಿಯ ವಿಷಯ. ಆಕೆ ಒಳ್ಳೆಯವಳೇ ಇರಬಹುದು, ಇಂಗ್ಲಿಷ್ ಕೂಡ ಚೆನ್ನಾಗಿರಬಹುದು. ಆದರೆ ಆಕೆಗೆ ಸಂಬಳ ಕೊಡುವುದು ಮಾರುವವರು. ಬಹಳಷ್ಟು ಕಡೆ ಈ ಕೆಲಸದಲ್ಲಿರುವವರು ಸೇಲ್ಸ್ ವಿಭಾಗದವರೇ ಆಗಿರುತ್ತಾರೆ, ಮಾರಾಟವಾದರೆ ಅವರಿಗೆ ಕಮಿಷನ್ ಇರುತ್ತದೆ. ನೀವು ‘ಈ ಮಷಿನ್ ನಮ್ಮ ಮಿಶ್ರತಳಿ ಗೂಡಿಗೆ ಓಡುತ್ತಾ’ ಎಂದು ಕೇಳುತ್ತೀರಿ. ಎಂಜಿನಿಯರ್ ಚೀನೀ ಭಾಷೆಯಲ್ಲಿ ಎರಡು ನಿಮಿಷ ಏನೇನೋ ಹೇಳುತ್ತಾನೆ, ತಲೆ ಅಲ್ಲಾಡಿಸುತ್ತಾನೆ, ಕೈಯಲ್ಲಿ ಎಳೆ ತುಂಡಾಗುವ ಹಾಗೆ ತೋರಿಸುತ್ತಾನೆ. ಆಕೆ ನಿಮ್ಮ ಕಡೆ ತಿರುಗಿ ‘ನೋ ಪ್ರಾಬ್ಲಂ’ ಎನ್ನುತ್ತಾಳೆ. ಆ ಎರಡು ನಿಮಿಷದಲ್ಲಿ ಇದ್ದದ್ದು ನಿಮಗೆ ಬೇಕಾದ ಮಾತು, ಅದು ನಿಮಗೆ ಸಿಗಲೇ ಇಲ್ಲ. ಆಕೆ ಸುಳ್ಳು ಹೇಳಿದಳು ಎಂದೂ ಅಲ್ಲ, ತನ್ನ ಕಂಪನಿಯ ಕೆಲಸ ಮಾಡಿದಳು ಅಷ್ಟೆ. ಎದುರು ಪಾರ್ಟಿಯ ವಕೀಲರನ್ನೇ ನಮ್ಮ ಕೇಸಿಗೂ ಇಟ್ಟುಕೊಂಡ ಹಾಗಾಗುತ್ತದೆ ಇದು. ಆಕೆ ಬೇಡವೆಂದು ಹೇಳಬೇಕಾಗಿಲ್ಲ. ಆಕೆಯೂ ಇರಲಿ, ನಿಮ್ಮವರೂ ಒಬ್ಬರು ಇರಲಿ. ನಿಮ್ಮ ಪಕ್ಕದಲ್ಲಿ ಚೀನೀ ಭಾಷೆ ಅರ್ಥವಾಗುವ ಒಬ್ಬರು ಕೂತಿದ್ದಾರೆ ಎಂದು ಗೊತ್ತಾದ ಕೂಡಲೇ ಆ ಕೋಣೆಯ ಮಾತಿನ ಧಾಟಿಯೇ ಬದಲಾಗುತ್ತದೆ.

ಎಂಬಿಬಿಎಸ್ ಹುಡುಗನನ್ನು ಕರೆದುಕೊಂಡು ಹೋಗಿ, ಖಂಡಿತ ಉಪಯೋಗಕ್ಕೆ ಬರುತ್ತಾನೆ. ರೈಲು ಟಿಕೆಟ್, ಹೋಟೆಲ್, ಊಟ, ಟ್ಯಾಕ್ಸಿ ಎಲ್ಲ ಸಲೀಸಾಗುತ್ತದೆ. ಆದರೆ ನಮ್ಮ ಹುಡುಗರು ಅಲ್ಲಿ ವೈದ್ಯಕೀಯ ಓದುವುದು ಬಹುತೇಕ ಇಂಗ್ಲಿಷಿನಲ್ಲೇ. ಚೀನೀ ಭಾಷೆ ಕಲಿಯುವುದು ಆಸ್ಪತ್ರೆಯಲ್ಲಿ ರೋಗಿಯ ಜೊತೆ ಮಾತಾಡುವಷ್ಟು, ಅಂಗಡಿಯಲ್ಲಿ ವ್ಯವಹಾರ ಮಾಡುವಷ್ಟು. ಡೆನಿಯರ್ (ನೂಲಿನ ದಪ್ಪದ ಅಳತೆ) ಕಂಟ್ರೋಲ್, ಗೂಡು ಬೇಯಿಸುವ ಹಬೆಯ ಒತ್ತಡ, ವಾರಂಟಿಯ ಷರತ್ತು, ತಡವಾದರೆ ದಂಡ, ಇವೆಲ್ಲ ಅವನು ಕೇಳಿಯೇ ಇರದ ಮಾತುಗಳು. ಇನ್ನೊಂದು ತೊಡಕೂ ಇದೆ. ಅವನು ಮನೆಯ ಹುಡುಗ. ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ’ ಎಂದು ನಿಮ್ಮ ಮುಂದೆ ಹೇಳಲು ನಾಚಿಕೊಂಡು, ಇದೇ ಇರಬೇಕು ಎಂದು ಊಹೆ ಮಾಡಿ ಹೇಳಿಬಿಡುತ್ತಾನೆ. ವೃತ್ತಿಯವರು ಹಾಗೆ ಮಾಡುವುದಿಲ್ಲ. ‘ಕ್ಷಮಿಸಿ, ಈ ಮಾತನ್ನು ಇನ್ನೊಮ್ಮೆ ಹೇಳಿ’ ಎಂದು ತುಂಬಿದ ಸಭೆಯಲ್ಲಿ ಧೈರ್ಯವಾಗಿ ಕೇಳುವುದೇ ಅವರ ಕಸುಬಿನ ದೊಡ್ಡ ಭಾಗ.

ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್ಡು ಓದಲು, ಊಟದಲ್ಲಿ ಮಾಂಸ ಇದೆಯಾ ಎಂದು ಕೇಳಲು ಚೆನ್ನ. ಬೆಲೆ ಮಾತಾಡುವಾಗ ಬೇಡ. ಕಾರ್ಖಾನೆಯ ಒಳಗೆ ಮಷಿನ್ ಓಡುತ್ತಿರುವ ಸದ್ದಿನಲ್ಲಿ ಅದಕ್ಕೆ ನಿಮ್ಮ ಮಾತೇ ಸರಿಯಾಗಿ ಕೇಳಿಸುವುದಿಲ್ಲ. ಅದೂ ಅಲ್ಲದೆ ಗೂಗಲ್ ಅಲ್ಲಿ ಸಿಗುವುದಿಲ್ಲ, ವಾಟ್ಸ್ಆ್ಯಪ್ ಕೂಡ ಅಲ್ಲಿನ ಇಂಟರ್ನೆಟ್‌ನಲ್ಲಿ ನಡೆಯುವುದಿಲ್ಲ. ಅವರು ಬಳಸುವ ವಿಚಾಟ್ ನಮ್ಮಲ್ಲಿ 2020ರ ಜೂನ್‌ನಲ್ಲಿ ನಿಷೇಧವಾದ 59 ಆ್ಯಪ್‌ಗಳಲ್ಲಿ ಒಂದು. ಹಾಗಾಗಿ ಇಲ್ಲಿಂದ ದುಭಾಷಿಯನ್ನು ಗೊತ್ತು ಮಾಡುವಾಗ ಎಲ್ಲವೂ ಇ-ಮೇಲ್‌ನಲ್ಲಿ, ಫೋನಿನಲ್ಲಿ, ಎರಡೂ ಕಡೆ ನಡೆಯುವ ಯಾವುದಾದರೂ ಮೀಟಿಂಗ್ ಆ್ಯಪ್‌ನಲ್ಲಿ ಆಗಬೇಕು. ಇದನ್ನು ಮೊದಲ ಇ-ಮೇಲ್‌ನಲ್ಲೇ ತಿಳಿಸಿಬಿಡಿ, ಇಲ್ಲದಿದ್ದರೆ ಅವರು ವಿಚಾಟ್ ಐಡಿ ಕೇಳುತ್ತಲೇ ಇರುತ್ತಾರೆ.

ಈಗ ಯಾವ ಭಾಷೆಯಿಂದ ಯಾವ ಭಾಷೆಗೆ ಎನ್ನುವುದು. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಕನ್ನಡ ಮತ್ತು ಚೀನೀ ಎರಡನ್ನೂ ಬಲ್ಲ ವೃತ್ತಿಪರರು ಸಿಗುವುದು ತೀರಾ ಅಪರೂಪ. ಹೆಚ್ಚಿನವರು ಇಂಗ್ಲಿಷ್–ಚೀನೀ. ಆದರೆ ನಿಮಗೆ ಇಂಗ್ಲಿಷಿಗಿಂತ ಹಿಂದಿ ಸಲೀಸು ಎಂದಿರಿ. ಹಾಗಿದ್ದರೆ ಹಿಂದಿ–ಚೀನೀ ದುಭಾಷಿಯನ್ನೂ ಹುಡುಕಿ. ಬೀಜಿಂಗ್‌ನ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ, ಇನ್ನೂ ಕೆಲವು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿ ಹಿಂದಿ ಕಲಿಸುತ್ತಾರೆ, ಅಲ್ಲಿ ಓದಿದವರು ವ್ಯಾಪಾರದ ಕೆಲಸಕ್ಕೂ ಬರುತ್ತಾರೆ. ನಮ್ಮ ದೇಶದಲ್ಲೂ ದೆಹಲಿಯ ಜೆಎನ್‌ಯು ಇದೆ, ಶಾಂತಿನಿಕೇತನದ ವಿಶ್ವಭಾರತಿಯಲ್ಲಿ 1937ರಲ್ಲೇ ಶುರುವಾದ ಚೀನಾ ಭವನ ಇದೆ. ಅಲ್ಲಿ ಚೀನೀ ಕಲಿತ ಹುಡುಗ ಹುಡುಗಿಯರಲ್ಲಿ ದುಭಾಷಿ ಕೆಲಸವನ್ನೇ ಹಿಡಿದವರಿದ್ದಾರೆ. ಇವರಿಗೆ ಹಿಂದಿ, ಇಂಗ್ಲಿಷ್ ಎರಡೂ ಬರುತ್ತದೆ, ನಮ್ಮ ಲಕ್ಷ ಕೋಟಿ ಲೆಕ್ಕವೂ ಗೊತ್ತು. ಮನಸ್ಸಿಗೆ ಬಂದ ಮಾತನ್ನು ಒದ್ದಾಡದೆ ಹೇಳುವ ಭಾಷೆ ಯಾವುದೋ ಅದನ್ನೇ ಆರಿಸಿಕೊಳ್ಳಿ. ಮರ್ಯಾದೆಗೆ ಇಂಗ್ಲಿಷ್ ಎಂದು ಹೊರಟರೆ ದುಭಾಷಿಗೆ ಸಿಗುವುದು ನಿಮ್ಮ ಅರ್ಧ ಮಾತು ಮಾತ್ರ.

ಕನ್ನಡದಲ್ಲೇ ಮಾತಾಡಬೇಕು ಎಂದರೆ ಅದಕ್ಕೂ ದಾರಿ ಇದೆ. ನೀವು ಕನ್ನಡದಲ್ಲಿ ಹೇಳುವುದು, ನಿಮ್ಮ ಜೊತೆಯವರೊಬ್ಬರು ಅದನ್ನು ಇಂಗ್ಲಿಷಿಗೆ ತರುವುದು, ದುಭಾಷಿ ಅಲ್ಲಿಂದ ಚೀನೀ ಭಾಷೆಗೆ ಒಯ್ಯುವುದು. ಇದನ್ನು ರಿಲೇ ಎನ್ನುತ್ತಾರೆ, ದೊಡ್ಡ ಸಮ್ಮೇಳನಗಳಲ್ಲೂ ಇದು ನಡೆಯುತ್ತದೆ. ಸಮಯ ಜಾಸ್ತಿ ಬೇಕು, ತಪ್ಪುವ ಸಾಧ್ಯತೆಯೂ ಜಾಸ್ತಿ. ಎಂಬಿಬಿಎಸ್ ಹುಡುಗನ ಇಂಗ್ಲಿಷ್ ಚೆನ್ನಾಗಿದ್ದರೆ ಈ ಮೊದಲ ಮೆಟ್ಟಿಲಿನ ಕೆಲಸ ಅವನಿಗೆ ಕೊಡಿ.

ದುಭಾಷಿ ಕೆಲಸದಲ್ಲಿ ಬಗೆಗಳಿವೆ. ವಿಶ್ವಸಂಸ್ಥೆಯಲ್ಲಿ ಗಾಜಿನ ಕೋಣೆಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಮಾತಾಡುತ್ತಿರುವಾಗಲೇ ಹೇಳುತ್ತಾ ಹೋಗುವುದು ಒಂದು ಬಗೆ. ಅದು ಎಷ್ಟು ಕಷ್ಟ ಎಂದರೆ ಇಬ್ಬರು ಕೂತು ಸುಮಾರು 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅದು ನಿಮಗೆ ಬೇಡ. ನಿಮಗೆ ಬೇಕಾದದ್ದು, ನೀವು ಎರಡು ಮೂರು ವಾಕ್ಯ ಹೇಳಿ ನಿಲ್ಲಿಸಿದ ಮೇಲೆ ಟಿಪ್ಪಣಿ ನೋಡಿಕೊಂಡು ಅದನ್ನು ಹೇಳುವವರು, ಕಾರ್ಖಾನೆಯಲ್ಲಿ ನಿಮ್ಮ ಜೊತೆ ಓಡಾಡುವವರು. ಕೇಳುವಾಗ ಕಾನ್ಸಿಕ್ಯುಟಿವ್, ಬಿಸಿನೆಸ್ ಮೀಟಿಂಗ್, ಫ್ಯಾಕ್ಟರಿ ವಿಸಿಟ್ ಎಂದು ಸ್ಪಷ್ಟವಾಗಿ ಹೇಳಿ. ಹಾಗೆಯೇ ಬರೆದ ಕಾಗದದ ಅನುವಾದ ಬೇರೆಯೇ ಕಸುಬು. ಬರೆಯುವುದರಲ್ಲಿ ಗಟ್ಟಿಗರಾದವರು ಎದುರು ಕೂತು ಮಾತಾಡುವಾಗ ತಡವರಿಸುವುದುಂಟು, ಮಾತಿನಲ್ಲಿ ಚುರುಕಾದವರಿಗೆ ಕರಾರು ಪತ್ರ ಅನುವಾದಿಸುವ ತಾಳ್ಮೆ ಇಲ್ಲದಿರುವುದೂ ಉಂಟು.

ಎಲ್ಲಿ ಹುಡುಕುವುದು? ಚೀನಾದಲ್ಲಿ ಸರ್ಕಾರದ ಮಾನ್ಯತೆಯ ಒಂದು ಪರೀಕ್ಷೆ ಇದೆ, ಸಿಎಟಿಟಿಐ ಎಂದು ಹೆಸರು, ಎಲ್ಲರೂ ಕ್ಯಾಟಿ ಎನ್ನುತ್ತಾರೆ. 2003ರಿಂದ ನಡೆಯುತ್ತಿದೆ. ಮಾತಿನ ಅನುವಾದಕ್ಕೆ ಒಂದು, ಬರಹದ ಅನುವಾದಕ್ಕೆ ಒಂದು, ಬೇರೆ ಬೇರೆ ಪರೀಕ್ಷೆ. 3ನೇ ಹಂತ ಆರಂಭದ್ದು, 2ನೇ ಹಂತ ದಾಟಿದವರು ಸ್ವತಂತ್ರವಾಗಿ ಕೆಲಸ ಮಾಡಬಲ್ಲವರು. ಇಂಗ್ಲಿಷ್ ದುಭಾಷಿಯಾದರೆ ‘ಕ್ಯಾಟಿ ಇಂಟರ್‌ಪ್ರಿಟಿಂಗ್ ಲೆವೆಲ್ 2 ಇದೆಯಾ’ ಎಂದು ಕೇಳಿ, ಸರ್ಟಿಫಿಕೇಟಿನ ಫೋಟೊ ತರಿಸಿಕೊಳ್ಳಿ. ಕೆಲವರು ಬರಹದ ಸರ್ಟಿಫಿಕೇಟನ್ನೇ ತೋರಿಸುತ್ತಾರೆ, ಗಮನಿಸಿ. ಹಿಂದಿಯವರ ಹತ್ತಿರ ಇದನ್ನು ಕೇಳಿ ಪ್ರಯೋಜನವಿಲ್ಲ, ಅವರನ್ನು ಕೆಲಸ ನೋಡಿಯೇ ತೂಗಬೇಕು. ನಮ್ಮ ಕಡೆಯವರು ಎಚ್‌ಎಸ್‌ಕೆ ಪಾಸಾಗಿದ್ದೇನೆ ಎನ್ನುತ್ತಾರೆ. ಅದು ವಿದೇಶಿಯರಿಗೆ ಚೀನೀ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆ. ಒಳ್ಳೆಯ ಅಂಕ ಇರುವುದು ಒಳ್ಳೆಯದೇ, ಆದರೆ ಭಾಷೆ ಬರುವುದು ಬೇರೆ, ಇಬ್ಬರ ನಡುವೆ ಕೂತು ಒಂದಿಡೀ ದಿನ ಒಂದು ಮಾತೂ ಬಿಡದೆ ದಾಟಿಸುವುದು ಬೇರೆ.

ಚೀನಾದ ಅನುವಾದಕರ ಸಂಘ 1982ರಿಂದ ಇದೆ, ಅದರ ಸದಸ್ಯ ಏಜೆನ್ಸಿಗಳು ಹಾಂಗ್‌ಝೌ, ಶಾಂಘೈ ಎಲ್ಲ ಕಡೆ ಸಿಗುತ್ತವೆ. ಏಜೆನ್ಸಿಯಾದರೆ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರನ್ನು ಕಳಿಸುತ್ತಾರೆ, ಬಿಲ್ ಕೊಡುತ್ತಾರೆ. ಖರ್ಚು ಸ್ವಲ್ಪ ಜಾಸ್ತಿ. ಬರುವವರು ಯಾರು ಎಂದು ಕೊನೆಯ ದಿನದವರೆಗೆ ಹೇಳದ ಏಜೆನ್ಸಿಗಳೂ ಇವೆ, ಆ ವ್ಯವಹಾರ ಬೇಡ. ವ್ಯಕ್ತಿಯ ಹೆಸರು ಬರೆದು ಒಪ್ಪಿಕೊಂಡರೆ ಮಾತ್ರ ಮುಂದುವರಿಯಿರಿ. ಎಐಐಸಿ ಎಂಬ ಸಂಸ್ಥೆಯ ಹೆಸರು ನಿಮಗೆ ಹುಡುಕುವಾಗ ಸಿಗುತ್ತದೆ. 1953ರಲ್ಲಿ ಹುಟ್ಟಿದ, ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘ ಅದು. ಸದಸ್ಯರು ಮೇಲ್ದರ್ಜೆಯವರು, ಆದರೆ ಫಿಲೇಚರ್ ನೋಡಲು ಹೋಗುವವರಿಗೆ ಅಷ್ಟು ಬೇಕಾಗಿಲ್ಲ. ಇನ್ನು ಶಾಂಘೈಯ ಭಾರತೀಯ ಕಾನ್ಸುಲೇಟ್. ಹಾಂಗ್‌ಝೌ ಇರುವ ಝೆಜಿಯಾಂಗ್ ಪ್ರಾಂತ್ಯ ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲಿನ ವಾಣಿಜ್ಯ ವಿಭಾಗಕ್ಕೆ ಇ-ಮೇಲ್ ಬರೆದು, ಇಂಥ ಊರಿಗೆ ಇಂಥ ಕೆಲಸಕ್ಕೆ ಬರುತ್ತಿದ್ದೇವೆ, ದುಭಾಷಿಗಳ ಹೆಸರು ಗೊತ್ತಿದ್ದರೆ ತಿಳಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎಲ್ಲಕ್ಕಿಂತ ಒಳ್ಳೆಯದು, ನಿಮಗಿಂತ ಮೊದಲು ಇದೇ ಮಷಿನ್ ತರಿಸಿದ ಶಿಡ್ಲಘಟ್ಟದ, ರಾಮನಗರದ ರೀಲರುಗಳನ್ನು ಕೇಳುವುದು. ಅವರ ಜೊತೆ ಹೋಗಿದ್ದ ದುಭಾಷಿಗೆ ರೇಷ್ಮೆಯ ಮಾತು ಆಗಲೇ ಒಂದು ಸಲ ಬಾಯಿಗೆ ಬಂದಿರುತ್ತದೆ.

ಗುವಾಂಗ್‌ಝೌನಲ್ಲಿ 1957ರಿಂದ ನಡೆಯುವ ಕ್ಯಾಂಟನ್ ಫೇರ್‌ಗೆ ಹೋದವರು ಅಲ್ಲೇ ಗೇಟಿನ ಹತ್ತಿರ ದುಭಾಷಿ ಸಿಗುತ್ತಾರೆ ಎಂದು ನಿಮಗೆ ಹೇಳಿರಬಹುದು. ಸಿಗುತ್ತಾರೆ. ಹೆಚ್ಚಿನವರು ಇಂಗ್ಲಿಷ್ ಓದುವ ಕಾಲೇಜು ಮಕ್ಕಳು. ಸ್ಟಾಲ್ ಸುತ್ತಲು ಅವರು ಸಾಕು. ಆದರೆ ಅಂಥ ಜಾಗಗಳಲ್ಲಿ ದುಭಾಷಿಯ ಹೆಸರಿನಲ್ಲಿ ದಲ್ಲಾಳಿ ಕೆಲಸ ಮಾಡುವವರೂ ಇರುತ್ತಾರೆ. ನಿಮ್ಮಿಂದ ಕಡಿಮೆ ದುಡ್ಡು ತೆಗೆದುಕೊಂಡು, ಕಾರ್ಖಾನೆಯವರಿಂದ ಕಮಿಷನ್ ಪಡೆಯುತ್ತಾರೆ, ಆ ಕಮಿಷನ್ ನಿಮ್ಮ ಬೆಲೆಯೊಳಗೇ ಸೇರಿಕೊಳ್ಳುತ್ತದೆ. ಯಾರೇ ಆಗಲಿ, ‘ಮಾರುವವರಿಂದ ಯಾವ ಕಮಿಷನ್ನೂ ಪಡೆಯುವುದಿಲ್ಲ, ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ’ ಎಂದು ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಇದಕ್ಕೆ ನೆಪ ಹೇಳುವವರನ್ನು ಅಲ್ಲಿಗೇ ಬಿಡಿ.

ಆರಿಸುವ ಮೊದಲು ಒಂದು ವಿಡಿಯೊ ಕರೆ ಮಾಡಿ. ಕುಶಲ ಮಾತಾಡಿ ಮುಗಿಸಬೇಡಿ, ಕೆಲಸ ಮಾಡಿಸಿ ನೋಡಿ. ನಿಮ್ಮ ಫಿಲೇಚರ್ ಬಗ್ಗೆ ನಾಲ್ಕೈದು ವಾಕ್ಯ ಹೇಳಿ, ಅದರಲ್ಲಿ ಮೂರು ನಾಲ್ಕು ಅಂಕಿಗಳಿರಲಿ. ದಿನಕ್ಕೆ ಎಷ್ಟು ಕೆಜಿ ಗೂಡು, ಎಷ್ಟು ರೆಂಡಿಟ್ಟಾ (ಒಂದು ಕೆಜಿ ನೂಲಿಗೆ ಬೇಕಾಗುವ ಗೂಡಿನ ತೂಕ), 20/22 ಡೆನಿಯರ್, ಎಷ್ಟು ಜನ ಕೆಲಸಗಾರರು, ಹೀಗೆ. ಅವರು ಅದನ್ನು ಚೀನೀ ಭಾಷೆಯಲ್ಲಿ ಹೇಳಲಿ. ನೆಂಟರ ಹುಡುಗ ಪಕ್ಕದಲ್ಲಿ ಕೂತು ಅಂಕಿ ಸರಿಯಾಗಿ ಬಂತಾ ಅಂತ ಕೇಳಿಸಿಕೊಳ್ಳಲಿ, ಅಷ್ಟು ಚೀನೀ ಅವನಿಗೆ ಬಂದೇ ಬರುತ್ತದೆ. ಆಮೇಲೆ ಅವರು ಪ್ರಶ್ನೆ ಕೇಳುತ್ತಾರಾ ನೋಡಿ. ‘ರೆಂಡಿಟ್ಟಾ ಅಂದರೇನು?’ ಎಂದು ಕೇಳಿದವರು ಒಳ್ಳೆಯ ದುಭಾಷಿ. ಏನೂ ಕೇಳದೆ ಎಲ್ಲಕ್ಕೂ ತಲೆಯಾಡಿಸಿದವರ ಬಗ್ಗೆ ನನಗೆ ಭಯ. ಯಾವ ಕಾರ್ಖಾನೆಗಳಿಗೆ ಹೋಗಿದ್ದೀರಿ, ಜವಳಿ ಯಂತ್ರದ ಅನುಭವ ಇದೆಯಾ ಎಂದು ವಿಚಾರಿಸಿ. ಊರು ಯಾವುದು ಎಂದೂ ಕೇಳಿ, ಅದಕ್ಕೆ ಕಾರಣ ಇದೆ. ಮ್ಯಾಂಡರಿನ್ ಎಲ್ಲ ಕಡೆ ನಡೆದರೂ ಝೆಜಿಯಾಂಗ್‌ನವರು ತಮ್ಮತಮ್ಮಲ್ಲಿ ಮಾತಾಡುವುದು ಅಲ್ಲಿನ ವೂ ಭಾಷೆಯಲ್ಲಿ. ಬೀಜಿಂಗ್‌ನಿಂದ ಬಂದ ದುಭಾಷಿಗೆ ಅದು ತಿಳಿಯುವುದಿಲ್ಲ. ಬೆಲೆ ಇಳಿಸೋಣವಾ ಬೇಡವಾ ಎಂದು ಮಾಲೀಕ ಮತ್ತು ಮ್ಯಾನೇಜರ್ ನಿಮ್ಮೆದುರೇ ಮಾತಾಡಿಕೊಳ್ಳುವುದು ಆ ಭಾಷೆಯಲ್ಲೇ. ಹಾಂಗ್‌ಝೌ, ಹುಝೌ, ಜಿಯಾಶಿಂಗ್ ಕಡೆಯವರೇ ಸಿಕ್ಕರೆ ಒಳ್ಳೆಯದು. ಮಷಿನ್ ಓಡುವುದನ್ನು ತೋರಿಸಲು ನಿಮ್ಮನ್ನು ದಕ್ಷಿಣದ ಗುವಾಂಗ್ಶಿಗೆ ಕರೆದೊಯ್ಯುವುದೂ ಇದೆ, ಈಗ ಚೀನಾದಲ್ಲಿ ಗೂಡು ಹೆಚ್ಚು ಬೆಳೆಯುವುದು ಅಲ್ಲಿ. ಹಾಗಿದ್ದರೆ ಮೊದಲೇ ತಿಳಿಸಿ, ಅಲ್ಲಿನ ಕೆಲಸಗಾರರ ಮಾತು ಮತ್ತೆ ಬೇರೆ.

ಇನ್ನು ನೀವು ಮಾಡಬೇಕಾದ ಕೆಲಸ. ನನ್ನ ಪ್ರಕಾರ ಅರ್ಧಕ್ಕರ್ಧ ಫಲ ಇದರ ಮೇಲೆಯೇ ನಿಂತಿದೆ. ಎಷ್ಟೇ ದೊಡ್ಡ ದುಭಾಷಿಯಾದರೂ ಅವರು ಗೂಡು ಬೇಯಿಸಿದವರಲ್ಲ, ನೂಲು ತೆಗೆಯುವ ಬೇಸಿನ್ ಮುಂದೆ ಕೂತವರಲ್ಲ. ಕನಿಷ್ಠ ಒಂದು ವಾರ ಮುಂಚೆ ಅವರಿಗೆ ಎಲ್ಲ ಕಳಿಸಿ: ಕಂಪನಿಯ ಕೊಟೇಶನ್, ಮಷಿನ್ನಿನ ಬ್ರೋಷರ್, ಯಾರು ಯಾರು ಕೂರುತ್ತಾರೆ ಎನ್ನುವುದು, ನೀವು ಕೇಳಬೇಕೆಂದಿರುವ ಪ್ರಶ್ನೆಗಳ ಪಟ್ಟಿ. ಜೊತೆಗೆ ನಿಮ್ಮ ಕಸುಬಿನ ಪದಗಳು. ದ್ವಿತಳಿ ಗೂಡು, ಮಿಶ್ರತಳಿ ಗೂಡು, ಡಬಲ್ ಗೂಡು, ಜುಟ್ಟು, ಪ್ಯೂಪಾ, ರೆಂಡಿಟ್ಟಾ, ಎಳೆ ಉದ್ದ, ರೀಲೆಬಿಲಿಟಿ, ಡೆನಿಯರ್ ಏರಿಳಿತ, ಒಂದೊಂದಕ್ಕೂ ಇಂಗ್ಲಿಷ್ ಹೆಸರು, ಎರಡು ಸಾಲು ವಿವರಣೆ, ಮೊಬೈಲಿನಲ್ಲಿ ತೆಗೆದ ಫೋಟೊ. ಇಂಗ್ಲಿಷ್ ಹೆಸರುಗಳಿಗೆ ಬೆಂಗಳೂರಿನ ಮಡಿವಾಳದ ಹತ್ತಿರ ಕೇಂದ್ರ ರೇಷ್ಮೆ ಮಂಡಳಿಯ ಆವರಣದಲ್ಲಿರುವ ಸಿಎಸ್‌ಟಿಆರ್‌ಐಗೆ ಹೋಗಿ ಕೇಳಿ, ರೇಷ್ಮೆ ತಂತ್ರಜ್ಞಾನದ ಸಂಶೋಧನೆಗೆಂದೇ ಇರುವ ಸಂಸ್ಥೆ ಅದು. ಅಲ್ಲೇ ನಿಮ್ಮ ಗೂಡು ಪರೀಕ್ಷೆ ಮಾಡಿಸಿ ಇಂಗ್ಲಿಷ್ ವರದಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಗೂಡನ್ನೇ ಚೀಲದಲ್ಲಿ ತುಂಬಿ ವಿಮಾನ ಹತ್ತಬೇಡಿ, ವಿಮಾನ ನಿಲ್ದಾಣದ ಕ್ವಾರಂಟೈನ್‌ನಲ್ಲಿ ತಕರಾರಾಗುತ್ತದೆ.

ಈ ಮಿಶ್ರತಳಿ ವಿಷಯವನ್ನು ನಾನು ಯಾಕೆ ಪದೇ ಪದೇ ಎತ್ತುತ್ತಿದ್ದೇನೆ ಎಂದರೆ, ಚೀನಾದವರಿಗೆ ಗೂಡು ಎಂದರೆ ದ್ವಿತಳಿ ಬಿಳಿ ಗೂಡು. ಅವರ ಆಟೊಮ್ಯಾಟಿಕ್ ಮಷಿನ್ ಅದಕ್ಕೆಂದೇ ಆಗಿರುವುದು. ನಮ್ಮ ಮಿಶ್ರತಳಿಯ ಹಳದಿ ಗೂಡಿನ ಎಳೆ ಚಿಕ್ಕದು, ಗಾತ್ರವೂ ಒಂದೇ ಸಮ ಇರುವುದಿಲ್ಲ. ‘ನಮ್ಮ ಗೂಡಿಗೆ ಓಡುತ್ತಾ’ ಎಂದು ಸುಮ್ನೆ ಕೇಳಿದರೆ ಅವರು ತಮ್ಮ ಗೂಡನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರಾಮಾಣಿಕವಾಗಿಯೇ ಓಡುತ್ತದೆ ಎನ್ನುತ್ತಾರೆ. ದುಭಾಷಿಗೆ ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಪ್ರಶ್ನೆ ಸರಿಯಾಗಿ ತಲುಪುತ್ತದೆ: ಎಳೆ ಉದ್ದ ಇಷ್ಟು, ಇಷ್ಟು ಸಲ ಎಳೆ ತುಂಡಾಗುತ್ತದೆ, ಆಗ ಒಂದು ಗಂಟೆಗೆ ಎಷ್ಟು ನೂಲು ಬರುತ್ತದೆ? ನೀರಿನದೂ ಹಾಗೆಯೇ. ನಮ್ಮ ಬೋರ್‌ವೆಲ್ ನೀರು ಗಡಸು. ನೀರಿನ ಪರೀಕ್ಷಾ ವರದಿಯನ್ನು ಕೊಟ್ಟು, ಈ ನೀರಿಗೆ ಸಾಫ್ಟ್‌ನರ್ ಯಾವುದು ಬೇಕು, ಅದು ಬೆಲೆಯಲ್ಲಿ ಸೇರಿದೆಯಾ ಎಂದು ಕೇಳಿಸಿ. ಕರೆಂಟ್ ಅಲ್ಲಿ ತ್ರೀ ಫೇಸ್ 380 ವೋಲ್ಟ್, ನಮ್ಮಲ್ಲಿ 415. ಬಾಯ್ಲರ್ ಒತ್ತಡವನ್ನು ಅವರು ಮೆಗಾಪಾಸ್ಕಲ್‌ನಲ್ಲಿ ಹೇಳುತ್ತಾರೆ, ಒಂದು ಮೆಗಾಪಾಸ್ಕಲ್ ಎಂದರೆ ನಮ್ಮ ಬಾಯ್ಲರ್ ಮೀಟರಿನ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ.

ಅಂಕಿಗಳ ಬಗ್ಗೆ ತುಂಬಾ ಹುಷಾರಾಗಿರಿ. ಚೀನೀಯರು ಎಣಿಸುವುದು ಹತ್ತು ಸಾವಿರದ ಲೆಕ್ಕದಲ್ಲಿ, ಅದಕ್ಕೆ ವಾನ್ ಎನ್ನುತ್ತಾರೆ. ನಮ್ಮ 1 ಲಕ್ಷ ಎಂದರೆ 10 ವಾನ್, 1 ಕೋಟಿ ಎಂದರೆ 1000 ವಾನ್. ಈಗ ನೋಡಿ, ನೂಲಿನ ಬೆಲೆ ಟನ್ನಿಗೆ 40 ವಾನ್ ಎಂದು ಅವರು ಹೇಳಿದರೆ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಫೋರ್ ಹಂಡ್ರೆಡ್ ಥೌಸಂಡ್ ಮಾಡಬೇಕು, ನೀವು ಅದನ್ನು ಮನಸ್ಸಿನಲ್ಲೇ 4 ಲಕ್ಷ ಮಾಡಿಕೊಂಡು, ಕೆಜಿಗೆ 400 ಯುವಾನ್ ಎಂದು ಭಾಗಿಸಿ, ಆಮೇಲೆ ರೂಪಾಯಿಗೆ ತರಬೇಕು. ಮಧ್ಯೆ ಒಂದು ಸೊನ್ನೆ ಬಿದ್ದು ಹೋಗುವುದು ಎಷ್ಟು ಸುಲಭ ಅಲ್ವಾ? ತೂಕದಲ್ಲೂ ಅವರ ಮಾತಿನಲ್ಲಿ ಜಿನ್ ಬರುತ್ತದೆ, ಅದು ಅರ್ಧ ಕೆಜಿ. ದಾನ್ ಎಂದರೆ 50 ಕೆಜಿ. ಆದ್ದರಿಂದ ಯಾವ ಅಂಕಿಯನ್ನೂ ಬರೀ ಬಾಯಲ್ಲಿ ಒಪ್ಪಬೇಡಿ. ಮೇಜಿನ ಮೇಲೆ ಕಾಗದ ಇರಲಿ, ದುಭಾಷಿ ಅಂಕಿ ಹೇಳಿದ ಕೂಡಲೇ ಬರೆಯಲಿ, ಎದುರಿನವರು ನೋಡಿ ಹೌದು ಎನ್ನಲಿ. ವೃತ್ತಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಅವರೇ ಪುಸ್ತಕದಲ್ಲಿ ಮೊದಲು ಬರೆದುಕೊಳ್ಳುವುದು ಅಂಕಿ ಮತ್ತು ಹೆಸರು.

ದುಡ್ಡಿನ ವಿಷಯ. ಊರು, ಭಾಷೆ, ಅನುಭವದ ಮೇಲೆ ದರ ಬದಲಾಗುತ್ತದೆ, ಹಾಗಾಗಿ ಮೂರು ಕಡೆ ದರ ತರಿಸಿ ಹೋಲಿಸಿ. ವಿದ್ಯಾರ್ಥಿಗೂ ನುರಿತವರಿಗೂ ಹಲವು ಪಟ್ಟು ವ್ಯತ್ಯಾಸ ಇರುತ್ತದೆ. ಸಾಮಾನ್ಯವಾಗಿ ಅರ್ಧ ದಿನ ಅಥವಾ ಪೂರ್ತಿ ದಿನದ ಲೆಕ್ಕ, ಪೂರ್ತಿ ದಿನ ಎಂದರೆ 8 ಗಂಟೆ. ರಾತ್ರಿ ಊಟದ ಕೂಟಕ್ಕೆ ಕರೆದರೆ ಓವರ್‌ಟೈಮ್. ಬೇರೆ ಊರಿಗೆ ಹೋದರೆ ರೈಲು, ಹೋಟೆಲ್, ಊಟ ನಿಮ್ಮದು. ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಎಷ್ಟು ಕೊಡಬೇಕು ಎನ್ನುವುದನ್ನೂ ಮೊದಲೇ ಬರೆದುಕೊಳ್ಳಿ, ವೀಸಾ ತಡವಾಗುವ ಸಾಧ್ಯತೆ ನಿಮ್ಮ ಕಡೆಯೇ ಇರುವುದು. ಆ ರಾತ್ರಿ ಊಟದ ಕೂಟವನ್ನು ತಪ್ಪಿಸಬೇಡಿ, ದುಭಾಷಿಯನ್ನು ಮನೆಗೂ ಕಳಿಸಬೇಡಿ. ಹಗಲು ಆಗದ ಮಾತು ಅಲ್ಲಿ ಆಗುತ್ತದೆ. ನೀವು ಸಸ್ಯಾಹಾರಿಯಾಗಿದ್ದರೆ, ಹಲಾಲ್ ಬೇಕಾಗಿದ್ದರೆ ಮೊದಲೇ ದುಭಾಷಿಗೆ ತಿಳಿಸಿ. ಮತ್ತೆ ಇನ್ನೊಂದು, ಎಲ್ಲರೂ ಉಣ್ಣುತ್ತಿರುವಾಗ ಅವರು ಮಾತಾಡುತ್ತಲೇ ಇರುತ್ತಾರೆ. ಅವರು ಊಟ ಮಾಡಲು ಹದಿನೈದು ನಿಮಿಷ ಬಿಡುವು ಕೊಡಿ. ಬೆಳಿಗ್ಗೆಯಿಂದ ತಲೆ ಓಡಿಸಿ ಸುಸ್ತಾದವರಿಂದ ಸಂಜೆ ಬೆಲೆಯ ಮಾತು ಆಡಿಸುವುದೂ ಸರಿಯಲ್ಲ. ಮುಖ್ಯವಾದದ್ದನ್ನೆಲ್ಲ ಬೆಳಿಗ್ಗೆಯೇ ಮುಗಿಸಿ.

ಸಭೆಯಲ್ಲಿ ದುಭಾಷಿ ನಿಮ್ಮ ಪಕ್ಕದಲ್ಲಿ ಕೂರಲಿ. ನೀವು ಎದುರಿನವರ ಮುಖ ನೋಡಿ ಮಾತಾಡಿ. ‘ಅವರಿಗೆ ಹೇಳಿ, ನಮಗೆ ಮೂರು ತಿಂಗಳಲ್ಲಿ ಬೇಕು ಅಂತ’ ಎಂದು ದುಭಾಷಿಯ ಕಡೆ ತಿರುಗುವ ಬದಲು ‘ನಮಗೆ ಮೂರು ತಿಂಗಳಲ್ಲಿ ಬೇಕು’ ಎಂದು ನೇರವಾಗಿ ಹೇಳಿ, ಅವರೂ ‘ನಾನು, ನಾವು’ ಎಂದೇ ದಾಟಿಸುತ್ತಾರೆ. ಎರಡು ಮೂರು ವಾಕ್ಯಕ್ಕೆ ನಿಲ್ಲಿಸಿ. ಅಣ್ಣ ತಮ್ಮ ಒಟ್ಟಿಗೆ ಮಾತಾಡಬೇಡಿ, ಇದು ನಮ್ಮಲ್ಲಿ ಬಹಳ ಆಗುತ್ತದೆ. ಗಾದೆ, ತಮಾಷೆ ಇಟ್ಟುಕೊಳ್ಳಬೇಡಿ. ದುಭಾಷಿಗೆ ‘ನೀನೇ ಸ್ವಲ್ಪ ಬೆಲೆ ಇಳಿಸಲು ಹೇಳಪ್ಪ’ ಎಂದು ಚೌಕಾಸಿ ಒಪ್ಪಿಸಬೇಡಿ, ಅದು ಅವರ ಕೆಲಸವಲ್ಲ. ಆದರೆ ಬಿಡುವಿನಲ್ಲಿ ಹೊರಗೆ ನಿಂತು ‘ಅವರು ನೋಡೋಣ ಎಂದರಲ್ಲ, ಅದು ಹೌದಾ, ಇಲ್ಲವಾ’ ಎಂದು ಖಂಡಿತ ಕೇಳಿ. ಚೀನೀಯರು ಮುಖದ ಮೇಲೆ ಇಲ್ಲ ಎನ್ನುವುದು ಕಡಿಮೆ. ಆ ಧಾಟಿ ಅಲ್ಲಿಯವರಿಗೆ ತಿಳಿಯುತ್ತದೆ.

ಕರಾರಿಗೆ ಸಹಿ ಹಾಕುವ ಹಂತ ಬಂದರೆ ನಿಲ್ಲಿ. ದುಭಾಷಿ ಕಾಗದ ನೋಡಿಕೊಂಡು ಬಾಯಲ್ಲಿ ಓದಿ ಹೇಳಿದ್ದರ ಮೇಲೆ ಸಹಿ ಹಾಕಬಾರದು. ಕರಾರು ಇಂಗ್ಲಿಷ್, ಚೀನೀ ಎರಡರಲ್ಲೂ ಇರಲಿ, ಎರಡರ ನಡುವೆ ವ್ಯತ್ಯಾಸ ಬಂದರೆ ಯಾವುದು ನಿಲ್ಲುತ್ತದೆ ಎಂದು ಅದರಲ್ಲೇ ಬರೆದಿರಲಿ, ಜಗಳವಾದರೆ ಪಂಚಾಯಿತಿ ಎಲ್ಲಿ, ಯಾವ ಭಾಷೆಯಲ್ಲಿ ಎಂದೂ ಬರೆದಿರಲಿ. ಚೀನೀ ಪ್ರತಿಯನ್ನು ಬರಹದ ಅನುವಾದಕರಿಗೆ ಕೊಟ್ಟು, ಊರಿಗೆ ಬಂದು, ವಕೀಲರಿಗೆ ತೋರಿಸಿ. ಅಲ್ಲಿ ಸಹಿಗಿಂತ ಕಂಪನಿಯ ಕೆಂಪು ಮುದ್ರೆಗೆ ಬೆಲೆ ಜಾಸ್ತಿ. ಮುದ್ರೆಯಲ್ಲಿರುವ ಚೀನೀ ಹೆಸರು, ಬಿಸಿನೆಸ್ ಲೈಸೆನ್ಸಿನಲ್ಲಿರುವ ಹೆಸರು, ನೀವು ದುಡ್ಡು ಹಾಕುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇನಾ ಎಂದು ದುಭಾಷಿಯಿಂದ ನೋಡಿಸಿ. ಲೈಸೆನ್ಸಿನಲ್ಲಿ 18 ಅಂಕಿ ಅಕ್ಷರಗಳ ಕೋಡ್ ಇರುತ್ತದೆ, ಅದನ್ನು ಅಲ್ಲಿನ ಸರ್ಕಾರದ ಕಂಪನಿ ನೋಂದಣಿ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಆ ಸೈಟ್ ಚೀನೀ ಭಾಷೆಯದು, ಹತ್ತು ನಿಮಿಷದ ಕೆಲಸ. ನೀವು ಊರಿನಲ್ಲಿರುವಾಗಲೇ ಅವರಿಂದ ಮಾಡಿಸಿದರೆ ವಿಮಾನದ ಖರ್ಚು ಉಳಿದರೂ ಉಳಿಯಬಹುದು.

ಬೇರೆ ದೇಶಕ್ಕೆ ಹೋಗುವ ಓದುಗರಿಗೆ ಎರಡು ಮಾತು. ಶ್ರೀನಿವಾಸಪುರದ ಮಾವಿನ ತಿರುಳು ಮಾರಲು ದುಬೈಗೆ ಹೋಗುವವರಿಗೆ ದುಭಾಷಿ ಬೇಕಾಗುವುದು ಕಡಿಮೆ, ಹಿಂದಿ, ಇಂಗ್ಲಿಷ್ ಸಾಕು. ಜರ್ಮನಿಗೆ ಹೋಗುವ ತುಮಕೂರಿನ ಕಾರ್ಖಾನೆಯವರು ಬಿಡಿಯು ಎಂಬ ಅಲ್ಲಿನ ದುಭಾಷಿಗಳ ಒಕ್ಕೂಟದ ಪಟ್ಟಿ ನೋಡಲಿ. ಜಪಾನ್‌ನಲ್ಲಿ ಸರ್ಕಾರದ ಗೈಡ್-ದುಭಾಷಿ ಲೈಸೆನ್ಸ್ ಒಂದಿದೆ, ಅದು ಪ್ರವಾಸಿಗರನ್ನು ಸುತ್ತಾಡಿಸಲು. ಮಾತುಕತೆಗೆ ಅದನ್ನು ನಂಬಿ ಹೋಗಬೇಡಿ.

ಕೊನೆಯದಾಗಿ ನೀವು ಕೇಳದೇ ಇದ್ದ ವಿಷಯ. ಮಷಿನ್ ಶಿಡ್ಲಘಟ್ಟಕ್ಕೆ ಬಂದ ಮೇಲೆ ಅದನ್ನು ಜೋಡಿಸಲು ಅಲ್ಲಿಂದ ಫಿಟ್ಟರ್‌ಗಳು ಬರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದು ಅಪರೂಪ. ಚೀನಾದಲ್ಲಿ ನಿಮಗೆ ದುಭಾಷಿ ಬೇಕಾಗುವುದು ಕೆಲವೇ ದಿನ, ಇಲ್ಲಿ ಜೋಡಣೆಗೆ, ತರಬೇತಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ದಿನ ಬೇಕು. ಇದಕ್ಕೆ ಚೀನಾದಿಂದ ಯಾರನ್ನೂ ಕರೆಸಬೇಡಿ, ಬೆಂಗಳೂರಿನಲ್ಲಿ ಸಿಗುವ, ಹಿಂದಿಯೋ ಕನ್ನಡವೋ ಬಲ್ಲ ಚೀನೀ ದುಭಾಷಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ, ಆ ಖರ್ಚನ್ನು ಯಾರು ಕೊಡಬೇಕು ಎಂದು ಕರಾರಿನಲ್ಲೇ ಬರೆಸಿ. ಮಷಿನ್ನಿನ ಟಚ್‌ಸ್ಕ್ರೀನ್, ಮ್ಯಾನ್ಯುಯಲ್, ಬಿಡಿಭಾಗಗಳ ಪಟ್ಟಿ ಮೂರೂ ಇಂಗ್ಲಿಷಿನಲ್ಲಿ ಬರಬೇಕು ಎಂದೂ ಬರೆಸಿ. ಫಿಟ್ಟರ್ ಕಲಿಸುವಾಗ ಬೇಸಿನ್ ಮುಂದೆ ನಿಲ್ಲುವ ಹೆಣ್ಣುಮಕ್ಕಳನ್ನೇ ಮುಂದೆ ನಿಲ್ಲಿಸಿ, ನಾಳೆ ಮಷಿನ್ ಓಡಿಸುವುದು ಅವರು. ದುಭಾಷಿ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಲಿ, ಅವರ ಪ್ರಶ್ನೆಯನ್ನು ಫಿಟ್ಟರ್‌ಗೆ ದಾಟಿಸಲಿ. ಎಲ್ಲವನ್ನೂ ದುಭಾಷಿಯ ದನಿ ಕೇಳುವ ಹಾಗೆ ವಿಡಿಯೊ ಮಾಡಿಸಿ ಇಟ್ಟುಕೊಳ್ಳಿ, ಫಿಟ್ಟರ್ ವಾಪಸ್ ಹೋದ ಮೇಲೆ ಹೊಸದಾಗಿ ಸೇರುವ ಕೆಲಸಗಾರರಿಗೆ ಅದನ್ನೇ ತೋರಿಸಬಹುದು.